ಮನೆಯಂಗಳದಲ್ಲಿ ಕವಳಿ

ಮಲೆನಾಡಿನವರ ಕವಳಿಯೇ ಕರಾವಳಿಯವರ ಕರಂಡೆ. ಮುಂಬಯಿಯ ಬೇಸಿಗೆಯ ಬೀದಿಗಳಲ್ಲಿ ಅದೇ ಕರವಂದ. ಸಹ್ಯಾದ್ರಿಯ ಈ ಮುಳ್ಳುಪೊದೆಯನ್ನು ಅಂಗಳವಿಲ್ಲದವರೂ ಬಿಸಿಲುಮಚ್ಚಿನ ದೊಡ್ಡ ಕುಂಡದಲ್ಲಿ ಬೆಳೆಸಬಹುದು.

ಮಾಗಿದ ಹಣ್ಣಿನ ಬೀಜಗಳನ್ನು ತೊಳೆದು, ತಡಮಾಡದೆ ಬಿತ್ತಬೇಕು. ಕುಂಡದ ತಳದಲ್ಲಿ ರಂಧ್ರವಿರಲಿ. ಈ ಗಿಡವು ಬರವನ್ನು ಸಹಿಸೀತು, ನಿಂತ ನೀರನ್ನು ಸಹಿಸದು. ಫಲಕ್ಕಾಗಿ ಸುಮಾರು 3 ವರ್ಷ ಕಾಯಬೇಕು. ಮುಳ್ಳು ಮಕ್ಕಳಿಗೆ ತಾಗದಂತೆ ಕುಂಡವನ್ನು ಮೂಲೆಯಲ್ಲಿಡುವುದು ಲೇಸು.

ಹಣ್ಣಿನಲ್ಲಿ 'ಸಿ' ಜೀವಸತ್ವವಿದೆ. ಕುದಿಸಿದರೆ ಅದು ಕುಗ್ಗುತ್ತದೆ. ಎಳೆಗಾಯಿಯ ಉಪ್ಪಿನಕಾಯಿ ರುಚಿಕರವೇ ಸರಿ, ಆದರೆ ಅಧಿಕ ರಕ್ತದೊತ್ತಡವಿರುವವರಿಗೆ ಅದು ಮಿತವಾಗಿರಲಿ.

ಒಂದು ಎಚ್ಚರಿಕೆ ಅವಶ್ಯ. ಕವಳಿಯು ವಿಷಯುಕ್ತವಾದ ಕಣಗಿಲೆಯ ಕುಟುಂಬಕ್ಕೇ ಸೇರಿದ್ದು. ಊರು ಬಿಟ್ಟು ಬಂದವರ ಮಕ್ಕಳಿಗೆ ಗಿಡದ ಗುರುತು ತಪ್ಪುವುದು ಸಹಜ. ಬಲ್ಲ ಹಿರಿಯರಿಗೆ ತೋರಿಸದೆ ಯಾವ ಕಾಯಿಯನ್ನೂ ಬಾಯಿಗಿಡಬಾರದು. ಗಿಡದೊಡನೆ ಅದರ ಹೆಸರೂ ಗುರುತೂ ಮನೆಯಲ್ಲಿ ಬೆಳೆಯಲಿ.