ಛತ್ರದವರೆಗೆ ಜೊತೆಯಾಗುವುದು: ಸಾಂಕ್ರಾಮಿಕದ ಕಾಲದ ಮನೋವ್ಯಥೆ ಮತ್ತು ಸಭಾಪಾಲನೆ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಸಾಮ್ಯವನ್ನು ನಾವು ಕರುಣೆಯ ದೃಷ್ಟಾಂತವಾಗಿ ಎಷ್ಟೋ ಸಲ ಬೋಧಿಸಿದ್ದೇವೆ. ಆ ಕರುಣೆಯು ಯಾವ ಕ್ರಮದಲ್ಲಿ ಕೆಲಸಮಾಡಿತು ಎಂಬುದನ್ನು ಗಮನಿಸಿರುವುದು ಕಡಿಮೆ. ಅವನು ಗಾಯಾಳುವಿನ ಬಳಿಗೆ ಬಂದನು. ತನ್ನಲ್ಲಿದ್ದ ಎಣ್ಣೆಯಿಂದಲೂ ದ್ರಾಕ್ಷಾರಸದಿಂದಲೂ ಗಾಯಗಳನ್ನು ಉಪಚರಿಸಿ ಕಟ್ಟಿದನು. ತನ್ನ ವಾಹನದ ಮೇಲೆಯೇ ಹತ್ತಿಸಿ ಛತ್ರಕ್ಕೆ ಕರೆದೊಯ್ದನು. ಮರುದಿನ ಛತ್ರದವನಿಗೆ ಹಣಕೊಟ್ಟು ಆರೈಕೆಯನ್ನು ಒಪ್ಪಿಸಿದನು. ತಾನು ತಿರುಗಿ ಬರುವುದಾಗಿ ಹೇಳಿದನು. ಗುಣಪಡಿಸುವ ಕೆಲಸವನ್ನೆಲ್ಲ ಅವನೊಬ್ಬನೇ ಹೊತ್ತುಕೊಳ್ಳಲಿಲ್ಲ. ಒಪ್ಪಿಸಿದ ಮೇಲೆ ಕೈತೊಳೆದುಕೊಳ್ಳಲೂ ಇಲ್ಲ.

ಸಾಂಕ್ರಾಮಿಕದ ಕಾಲದಲ್ಲಿ ಮನಸ್ಸು ಕುಸಿದವರಿಗಾಗಿ ಸಭಾಪಾಲಕರು ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಕ್ರಮದಲ್ಲಿಯೇ ಉತ್ತರವಿದೆ ಎಂಬುದು ಈ ಲೇಖನದ ವಾದ. ವೈದ್ಯರ ಸ್ಥಾನವನ್ನು ನಾವು ಆಕ್ರಮಿಸಬೇಕಾಗಿಲ್ಲ. ವೈದ್ಯರ ಬಳಿಗೆ ಕಳುಹಿಸಿ ಮರೆತುಬಿಡುವುದೂ ಸಲ್ಲದು. ನೊಂದವರ ಮನೆಯಿಂದ ನೆರವು ಸಿಗುವ ಸ್ಥಳದವರೆಗಿನ ದಾರಿಯಲ್ಲಿ ಜೊತೆಯಾಗುವುದು, ಆಮೇಲೆ ಮರಳಿ ಹೋಗಿ ಕಾಣುವುದು ನಮ್ಮ ಪಾಲಿನ ಸೇವೆ. ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂ ಅನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ವಿಚಾರಿಸೋಣ.

ದಾರಿ ಕಡಿದ ಊರು

1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳು ಕೊನೆಗೆ ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಿದ್ದವು. ಬಂಡೆ ಸಿಡಿಯುವ ‘ಏರ್‌ಬ್ಲಾಸ್ಟ್’ನ ಭಯವೂ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಬರುವ ಸಿಲಿಕೋಸಿಸ್ ರೋಗವೂ ಅಲ್ಲಿನ ಮನೆಮನೆಯ ನೆನಪು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದವು. ಕೂಲಿಯೊಡನೆ ಕಂಪನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಅಂದಿನಿಂದ ಸಾವಿರಾರು ಮಂದಿಯ ಜೀವನಾಧಾರವೆಂದರೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲು. ನಸುಕಿನಲ್ಲಿ ಹತ್ತಿ ರಾತ್ರಿ ಇಳಿಯುವುದು ಅವರ ದಿನಚರಿ.

2020ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಪ್ರಯಾಣಿಕರ ರೈಲುಗಳು ನಿಂತವು. 25ರಿಂದ ದೇಶವೇ ಬಾಗಿಲು ಹಾಕಿತು. ಊರಿಗಾಂನಂಥ ಊರಿನಲ್ಲಿ ಆಗ ಕಡಿದದ್ದು ಸಂಬಳದ ದಾರಿ ಮಾತ್ರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಮಾತ್ರೆಯ ದಾರಿಯೂ ಕಡಿಯಿತು. ದೇವಾಲಯದ ಬಾಗಿಲು ಮುಚ್ಚಿತು. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರಕೂಡದೆಂಬ ನಿಯಮ ಬಂತು. ಮುಖ ನೋಡದೆ, ಮಣ್ಣು ಹಾಕದೆ ಕಳುಹಿಸಿಕೊಟ್ಟ ದುಃಖವು ಮುಗಿಯುವ ದಾರಿ ಕಾಣದೆ ಮನೆಯೊಳಗೆ ಉಳಿಯಿತು. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಲೋಕದಲ್ಲಿ ಆತಂಕ ಮತ್ತು ಖಿನ್ನತೆಗಳು ನೂರಕ್ಕೆ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಅದಕ್ಕೆ ಮೊದಲೇ, ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಿರುವವರಲ್ಲಿ ನೂರಕ್ಕೆ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆಗಲೇ ಸವೆದಿದ್ದ ದಾರಿ ಸಾಂಕ್ರಾಮಿಕದಲ್ಲಿ ಮುಚ್ಚಿಹೋಯಿತು.

ಬಳಿಗೆ ಬರುವುದು

ಸಮಾರ್ಯದವನ ಮೊದಲ ಕೆಲಸ ಹತ್ತಿರ ಬರುವುದಾಗಿತ್ತು. ಸಾಂಕ್ರಾಮಿಕದಲ್ಲಿ ದೇಹ ದೂರವಿರಬೇಕಾದಾಗ ಹತ್ತಿರ ಬರುವುದೆಂದರೇನು? 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರರು ಊರಲ್ಲೇ ಉಳಿದು ಸೇವೆ ಮಾಡಿದರು. ಅದೇ ಸಂದರ್ಭದಲ್ಲಿ ಬರೆದ ಪತ್ರದಲ್ಲಿ ಅವರು ಔಷಧವನ್ನು ಬಳಸುವುದೂ, ಅನಗತ್ಯವಾಗಿ ಸೋಂಕು ಹರಡದಂತೆ ಎಚ್ಚರವಹಿಸುವುದೂ ನೆರೆಯವನ ಮೇಲಿನ ಪ್ರೀತಿಯ ಭಾಗವೆಂದು ಬೋಧಿಸಿದರು. ಎಚ್ಚರಿಕೆಯೂ ಸಾಮೀಪ್ಯವೂ ಒಟ್ಟಿಗೆ ಇರಬಲ್ಲವು. ನಿಯಮಿತವಾಗಿ, ಹೇಳಿದ ದಿನ ಹೇಳಿದ ಹೊತ್ತಿಗೆ ಮಾಡುವ ದೂರವಾಣಿ ಕರೆಯೂ ಭೇಟಿಯೇ. ದೂರವಾಣಿ ಇಲ್ಲದ ಮನೆಗೆ, ಕಿಟಕಿಯ ಆಚೆ ನಿಂತು ಹೆಸರು ಹಿಡಿದು ಕರೆಯುವುದೂ ಭೇಟಿಯೇ.

ಹತ್ತಿರ ಬಂದವರು ಏನು ಹೇಳಬೇಕು? ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನೊಡನೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಸಂತೈಸುವವರಾಗಿದ್ದರು. ಬಾಯಿ ತೆರೆದು ಕಾರಣ ವಿವರಿಸತೊಡಗಿದಾಗ ಗಾಯ ಮಾಡಿದರು. ರೋಗವು ಯಾರ ಪಾಪದ ಫಲ, ದೇವರು ಇದರಿಂದ ಏನು ಕಲಿಸುತ್ತಿದ್ದಾನೆ ಎಂಬ ವಿವರಣೆಯನ್ನು ನೊಂದವರ ಎದುರು ಹಿಡಿಯುವ ಆತುರ ನಮಗೆ ಬೇಡ.

ಎಲೀಯನ ಪ್ರಸಂಗ (1 ಅರಸುಗಳು 19) ಇನ್ನೂ ಸ್ಪಷ್ಟ. ಜಾಲಿಯ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ ಪ್ರವಾದಿಗೆ ದೇವರು ಮೊದಲು ಕೊಟ್ಟದ್ದು ಉಪದೇಶವನ್ನಲ್ಲ. ನಿದ್ರೆ ಬಂತು, ರೊಟ್ಟಿ ಬಂತು, ನೀರು ಬಂತು. ಮತ್ತೊಮ್ಮೆ ನಿದ್ರೆ, ಮತ್ತೊಮ್ಮೆ ಊಟ. ಹೋರೇಬಿನ ಪ್ರಶ್ನೆ ಕೇಳಿಬಂದದ್ದು ಆ ಬಳಿಕ. ನಂಬಿಕೆ ಕಡಿಮೆಯಾದುದರಿಂದ ಹೀಗಾಯಿತೆಂದು ಅವನನ್ನು ಯಾರೂ ಗದರಿಸಲಿಲ್ಲ. ಪೌಲನೂ ಆಸ್ಯ ಸೀಮೆಯಲ್ಲಿ ಜೀವದ ಆಸೆಯನ್ನೇ ಬಿಟ್ಟ ಸ್ಥಿತಿಯನ್ನು ಕೊರಿಂಥದವರಿಗೆ ನಾಚಿಕೆಯಿಲ್ಲದೆ ತಿಳಿಸಿದ್ದಾನೆ (2 ಕೊರಿಂಥ 1:8). ಮನೋವ್ಯಥೆಯನ್ನು ಅವಿಶ್ವಾಸವೆಂದು ಓದುವುದು ಶಾಸ್ತ್ರದ ಓದಲ್ಲ.

ಗಾಯ ಕಟ್ಟುವುದು

ಸಭಾಪಾಲಕರಿಗೆ ರೋಗನಿರ್ಣಯದ ಅಧಿಕಾರವಿಲ್ಲ. ಆದರೆ ಯಾವುದನ್ನು ಕಂಡಾಗ ತಡಮಾಡಬಾರದು ಎಂಬ ತಿಳಿವು ಬೇಕು. ನಾಲ್ಕು ಸಂದರ್ಭಗಳನ್ನು ನೋಡೋಣ.

ಒಂದು, ಉಸಿರಾಟದ ತೊಂದರೆ. ನಿವೃತ್ತ ಗಣಿ ಕಾರ್ಮಿಕರೊಬ್ಬರು ರಾತ್ರಿ ಎದ್ದು ಕುಳಿತು, ಎದೆ ಬಡಿದುಕೊಳ್ಳುತ್ತಿದೆ, ಉಸಿರು ಸಿಕ್ಕುತ್ತಿಲ್ಲ ಎನ್ನುತ್ತಾರೆಂದು ಭಾವಿಸಿ. ತೀವ್ರ ಆತಂಕದಲ್ಲಿ ಹೀಗಾಗುವುದುಂಟು. ಸಿಲಿಕೋಸಿಸ್‌ನಲ್ಲಿಯೂ ಕೋವಿಡ್‌ನಲ್ಲಿಯೂ ಉಸಿರು ಕಟ್ಟುತ್ತದೆ. ‘ಇದು ಬರೀ ಭಯ, ಪ್ರಾರ್ಥನೆ ಮಾಡೋಣ’ ಎಂದು ನಾವೇ ತೀರ್ಮಾನಿಸಬಾರದು. ಮೊದಲು ವೈದ್ಯರು ದೇಹವನ್ನು ಪರೀಕ್ಷಿಸಲಿ. ದೇಹಕ್ಕೆ ಅಪಾಯವಿಲ್ಲವೆಂದು ತಿಳಿದ ಮೇಲೂ ಭಯ ನಿಜವಾದ ಸಂಕಟವೇ, ಅದಕ್ಕೂ ಚಿಕಿತ್ಸೆಯಿದೆ.

ಎರಡು, ಮದ್ಯ. ಲಾಕ್‌ಡೌನಿನಲ್ಲಿ ಮುಚ್ಚಿದ್ದ ಮದ್ಯದಂಗಡಿಗಳು ಕರ್ನಾಟಕದಲ್ಲಿ ತೆರೆದದ್ದು 2020ರ ಮೇ 4ರಂದು. ವರ್ಷಗಟ್ಟಲೆ ಪ್ರತಿದಿನ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ, ಮೊದಲ ಕೆಲವು ದಿನಗಳಲ್ಲೇ ಕೈನಡುಕ, ಬೆವರು, ನಿದ್ರಾಹೀನತೆ ಬರಬಹುದು; ಕೆಲವರಿಗೆ ಫಿಟ್ಸ್, ಇಲ್ಲದ್ದನ್ನು ಕಾಣುವುದು, ದಿಕ್ಕುತಪ್ಪಿದ ಮಾತು. ಇದು ಪ್ರಾಣಾಪಾಯದ ಸ್ಥಿತಿ. ಕುಡಿತ ಬಿಟ್ಟನೆಂದು ಸ್ತೋತ್ರ ಹೇಳುವ ಮುಂಚೆ ಅವನನ್ನು ಆಸ್ಪತ್ರೆಗೆ ಸೇರಿಸಬೇಕು. ದೆವ್ವ ಹಿಡಿದಿದೆಯೆಂದು ಕಟ್ಟಿಹಾಕಿ ಪ್ರಾರ್ಥಿಸುವುದು ಆ ಮನುಷ್ಯನನ್ನು ಕೊಲ್ಲಬಹುದು.

ಮೂರು, ಎರಡು ವಾರಕ್ಕೂ ಮೀರಿ ಉಳಿಯುವ ಕುಗ್ಗಿದ ಮನಸ್ಸು: ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ರೆ ಹಸಿವುಗಳು ಕೆಟ್ಟಿವೆ, ತಾನು ಹೊರೆಯೆಂಬ ಮಾತು ಮರಳಿ ಮರಳಿ ಬರುತ್ತದೆ. ದುಃಖದಲ್ಲಿರುವವರೆಲ್ಲರೂ ಖಿನ್ನತೆಯ ರೋಗಿಗಳಲ್ಲ. ಶೋಕಕ್ಕೆ ತನ್ನ ಕಾಲ ಬೇಕು. ಆದರೆ ದಿನದ ಕೆಲಸವೇ ನಿಂತುಹೋದಾಗ ವೈದ್ಯರ ಸಲಹೆ ಬೇಕು.

ನಾಲ್ಕು, ಸಾಯುವ ಯೋಚನೆ. ‘ಬದುಕುವುದು ಬೇಡ ಎನ್ನಿಸುತ್ತಿದೆಯೇ?’ ಎಂದು ಮೃದುವಾಗಿ, ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ನಂಬಿಕೆ. ಕೇಳಿಸಿಕೊಂಡವರಿಗೆ ಎಷ್ಟೋ ಸಲ ಅದೇ ಮೊದಲ ಬಿಡುಗಡೆ. ಹೌದೆಂದು ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ಅಪಾಯದ ವಸ್ತುಗಳನ್ನು ಮನೆಯಿಂದ ದೂರ ಮಾಡಿಸಬೇಕು. ಅದೇ ದಿನ ವೈದ್ಯರನ್ನು ಮುಟ್ಟಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಗುಟ್ಟು ಕಾಪಾಡುವುದು ನಮ್ಮ ಧರ್ಮ. ಪ್ರಾಣ ಉಳಿಸಲು ಯಾರಿಗೆ ತಿಳಿಯಬೇಕೋ ಅವರಿಗೆ, ನೊಂದವರಿಗೆ ಮುಂಚೆಯೇ ಹೇಳಿ, ತಿಳಿಸುವುದು ಆ ಧರ್ಮಕ್ಕೆ ವಿರೋಧವಲ್ಲ. ಅರಿಕೆಯ ಸಂಸ್ಕಾರದಲ್ಲಿ ಕೇಳಿದ್ದನ್ನು ಹೊರಗೆಡಹಲಾಗದ ಯಾಜಕರು, ಅದೇ ಮಾತನ್ನು ಅರಿಕೆಯ ಹೊರಗೆ ಮತ್ತೆ ಹೇಳುವಂತೆಯೂ ವೈದ್ಯರಲ್ಲಿಗೆ ಜೊತೆಗೆ ಬರುವಂತೆಯೂ ಅವರನ್ನು ಒಲಿಸಬೇಕು.

ಛತ್ರ ಎಲ್ಲಿದೆ?

ಛತ್ರದ ವಿಳಾಸವನ್ನು ಮೊದಲೇ ತಿಳಿದಿರುವುದು ಸಭಾಪಾಲಕರ ಕರ್ತವ್ಯ. 2020ರ ಮಾರ್ಚ್ ಕೊನೆಯಲ್ಲಿ ನಿಮ್ಹಾನ್ಸ್ ಮಾನಸಿಕ ನೆರವಿನ ಉಚಿತ ಸಹಾಯವಾಣಿಯನ್ನು ಹಲವು ಭಾಷೆಗಳಲ್ಲಿ ಆರಂಭಿಸಿತು. ಅದೇ ತಿಂಗಳಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ದೂರದಿಂದಲೇ ವೈದ್ಯರ ಸಲಹೆ ಪಡೆಯಲು ದಾರಿಮಾಡಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆ ಆರಂಭವಾಯಿತು. 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಊರಿಗಾಂನಂಥ ಊರಿಗೆ ತಾಯ್ನುಡಿಯಲ್ಲಿ ಅಳಲು ತೋಡಿಕೊಳ್ಳುವ ಅವಕಾಶ ಸಣ್ಣದಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ನಮ್ಮ ರಾಜ್ಯದ್ದೇ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಅದರ ಮಾದರಿ. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯನ್ನು ಕರ್ನಾಟಕ ರೂಪಿಸಿದೆ. ತಮ್ಮ ಆಸ್ಪತ್ರೆಯಲ್ಲಿ ಯಾವ ದಿನ, ಯಾವ ಕೊಠಡಿ ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ವಿಚಾರಿಸಿಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ 1960ರ ದಶಕದಲ್ಲಿಯೇ ವೈದ್ಯರೂ ಸಭಾಪಾಲಕರೂ ಕೂಡಿ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ಕಟ್ಟಿದರು. ಆಸ್ಪತ್ರೆಯಿಂದ ಮನೆಗೆ ಮರಳುವ ನಡುವಿನ ತಂಗುದಾಣವನ್ನು ಅದು ನಡೆಸಿತು. ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಾಗಾಯಂ ಕೇಂದ್ರದಲ್ಲಿ ರೋಗಿಯೊಡನೆ ಮನೆಯವರೂ ತಂಗುವುದು ಚಿಕಿತ್ಸೆಯ ಭಾಗ. ವೈದ್ಯಕೀಯವೂ ಸಭಾಪಾಲನೆಯೂ ಒಂದರ ಕೈ ಒಂದು ಹಿಡಿದ ಸಂಪ್ರದಾಯ ನಮ್ಮ ನೆರೆಯಲ್ಲೇ ಇದೆ.

ಕಾನೂನನ್ನೂ ಅರಿತಿರಬೇಕು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರ್ಕಾರದ ಸೇವೆಯಿಂದ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ. ಪೊಲೀಸರ ಭಯದಿಂದ ಮನೆಯವರು ಆಸ್ಪತ್ರೆಗೆ ಹೋಗಲು ಹಿಂಜರಿದರೆ ಇದನ್ನು ಹೇಳಿ ಧೈರ್ಯ ತುಂಬಬೇಕು.

ಎರಡು ನಾಣ್ಯ ಮತ್ತು ಮರಳುವಿಕೆ

ಸಮಾರ್ಯದವನು ಕೊಟ್ಟ ಎರಡು ನಾಣ್ಯಗಳು ನೆನಪಿರಲಿ. ದಿನಗೂಲಿ ನಿಂತ ಮನೆಗೆ ‘ಡಾಕ್ಟರನ್ನು ಕಾಣಿ’ ಎಂಬ ಸಲಹೆ ಬಸ್ಸಿನ ಹಣವಿಲ್ಲದೆ ಪೊಳ್ಳು. ಸಭೆಯ ದೀನಸಹಾಯ ನಿಧಿಯಿಂದ ಪ್ರಯಾಣಕ್ಕೂ ಮಾತ್ರೆಗೂ ಸ್ವಲ್ಪ ಹಣವನ್ನು ಮೀಸಲಿಡಬಹುದು. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರಗಳು ಬೇಕು. ಸ್ವಲ್ಪ ಗುಣವಾದೊಡನೆ ತಾವಾಗಿ ನಿಲ್ಲಿಸುವುದು ಹಾನಿಕರ. ಪ್ರಾರ್ಥನೆಯಿಂದ ಗುಣವಾಯಿತು, ಮಾತ್ರೆ ಬಿಡಿ ಎಂದು ಸಭಾಪಾಲಕರು ಹೇಳಿದ ಒಂದು ಮಾತು ತಿಂಗಳುಗಳ ಚಿಕಿತ್ಸೆಯನ್ನು ಕೆಡವಬಲ್ಲುದು. ಮಾತ್ರೆಯನ್ನೂ ದೇವರ ದಾನವೆಂದು ಸ್ತೋತ್ರದೊಡನೆ ಸೇವಿಸಲು ಕಲಿಸೋಣ.

ಮರಳಿ ಹೋಗುವುದು ಕೊನೆಯ ಮತ್ತು ಕಠಿಣವಾದ ಹೆಜ್ಜೆ. ಆಸ್ಪತ್ರೆಯಿಂದ ಬಂದವರನ್ನು ಸಭೆ ಹೇಗೆ ಬರಮಾಡಿಕೊಳ್ಳುತ್ತದೆ? ಗಾಯನವೃಂದದಲ್ಲಿ ಅವರ ಸ್ಥಾನ ಉಳಿದಿದೆಯೇ? ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಗೆ ಒಂದು ತಿಂಗಳಾದ ಮೇಲೆ ಯಾರು ಹೋಗುತ್ತಾರೆ? ಇಪ್ಪತ್ತೇ ಜನರೊಡನೆ ಹೂಣಿದವರಿಗಾಗಿ, ಹೆಸರುಗಳನ್ನು ಒಂದೊಂದಾಗಿ ಓದಿ ಪ್ರಲಾಪದ ಆರಾಧನೆಯೊಂದನ್ನು ಈಗಲಾದರೂ ನಡೆಸಬಹುದು. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಶಾಸ್ತ್ರದಲ್ಲಿ ಅದಕ್ಕೆ ಸ್ಥಳವಿರುವುದಾದರೆ ನಮ್ಮ ಆರಾಧನೆಯಲ್ಲಿಯೂ ಇರಲಿ.

ಸಭಾಪಾಲಕರಿಗೂ ಈ ದಾರಿ ಬೇಕು. ದಿನಕ್ಕೊಂದು ಅಂತ್ಯಕ್ರಿಯೆ ನಡೆಸಿದವರ ನಿದ್ರೆಯೂ ಕೆಡುತ್ತದೆ. ಎಲ್ಲ ಭಾರವನ್ನು ಒಬ್ಬನೇ ಹೊತ್ತರೆ ನೀನೂ ಬಳಲುವೆ, ಜನರೂ ಬಳಲುವರೆಂದು ಇತ್ರೋನನು ಮೋಶೆಗೆ ಎಚ್ಚರಿಸಿದ್ದು (ವಿಮೋಚನಕಾಂಡ 18) ನಮಗೂ ಸಲ್ಲುತ್ತದೆ. ತನ್ನ ಕುಸಿತವನ್ನು ಸಹಸೇವಕರೊಬ್ಬರಿಗೆ ಹೇಳಿ ವೈದ್ಯರ ಬಳಿಗೆ ಹೋದ ಸಭಾಪಾಲಕರು, ಹೋಗಬೇಕೆಂದು ಹತ್ತು ಸಲ ಬೋಧಿಸಿದವರಿಗಿಂತ ಹೆಚ್ಚು ಜನರಿಗೆ ಬಾಗಿಲು ತೆರೆದಿರುತ್ತಾರೆ.

2021ರ ಎರಡನೆಯ ಅಲೆಯಲ್ಲಿ, ವರ್ಷಗಟ್ಟಲೆ ಮುಚ್ಚಿದ್ದ ಗಣಿ ಕಂಪನಿಯ ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ ತೊಳೆದು ಕೋವಿಡ್ ಆರೈಕೆಗೆ ಸಿದ್ಧಪಡಿಸಿದರು. ಮುಚ್ಚಿದ ಛತ್ರವನ್ನು ಮತ್ತೆ ತೆರೆಯಬಹುದೆಂದು ಆ ಊರು ತೋರಿಸಿತು. ಮುಂದಿನ ಸಾಂಕ್ರಾಮಿಕ ಬರುವ ಮುಂಚೆಯೇ ನಾವು ಮಾಡಬಹುದಾದದ್ದು ಸರಳ: 14416 ಎಂಬ ಸಂಖ್ಯೆಯನ್ನು ದೇವಾಲಯದ ಫಲಕದಲ್ಲಿ ಬರೆಯುವುದು, ತಾಲ್ಲೂಕಿನ ಮನೋವೈದ್ಯರನ್ನು ಒಮ್ಮೆ ಮುಖತಃ ಕಾಣುವುದು, ಒಂಟಿಯಾಗಿರುವವರ ಪಟ್ಟಿ ಮಾಡಿ, ಯಾರು ಯಾರ ಮನೆಗೆ ಹೋಗಬೇಕೆಂದು ಸಭೆಯಲ್ಲಿ ಹಂಚಿಕೊಳ್ಳುವುದು. ಹೋಗಿ ಹಾಗೆಯೇ ಮಾಡೆಂದು ಕರ್ತನು ಧರ್ಮೋಪದೇಶಕನಿಗೆ ಕೊಟ್ಟ ಅಪ್ಪಣೆ ನಮಗೂ ಕೊಟ್ಟದ್ದೇ.