ಅಲ್ಲಾಡುವ ಹಲ್ಲಿಗೂ ಟೊಳ್ಳಾಗುವ ಮೂಳೆಗೂ ಏನು ನಂಟು?



ಮಕ್ಕಳ ಮನೆಯಲ್ಲಿ ಐದಾರು ತಿಂಗಳು ಇರಲು ಬಂದಿರುವ ನೀವು ಬಿಪಿ, ಶುಗರ್ ಮಾತ್ರೆಗಳನ್ನು ಎಣಿಸಿಕೊಂಡೇ ಊರಿನಿಂದ ತಂದಿರುತ್ತೀರಿ. ಆದರೆ ಮೂಳೆ, ಹಲ್ಲಿನ ಮಾತು ಬಂದಾಗ ಮಾತ್ರ ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಸುಮ್ಮನಾಗುವವರೇ ಹೆಚ್ಚು. ಈ ಎರಡಕ್ಕೂ ಒಂದಕ್ಕೊಂದು ನಂಟಿದೆ. ಅದು ತಿಳಿದಿದ್ದರೆ ಹಲ್ಲನ್ನೂ ಉಳಿಸಿಕೊಳ್ಳಬಹುದು, ಮೂಳೆಯನ್ನೂ ಕಾಪಾಡಿಕೊಳ್ಳಬಹುದು.

ಮೂಳೆ ಟೊಳ್ಳಾಗುವುದು ಎಂದರೇನು?

ಮೂಳೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ಹಳೆಯ ಮೂಳೆಯನ್ನು ಕರಗಿಸುವ ಕೆಲಸ, ಹೊಸದನ್ನು ಕಟ್ಟುವ ಕೆಲಸ ಎರಡೂ ಒಳಗೆ ದಿನವೂ ನಡೆಯುತ್ತಿರುತ್ತವೆ. ವಯಸ್ಸಾದಂತೆ ಕರಗುವುದು ಹೆಚ್ಚಿ ಕಟ್ಟುವುದು ಹಿಂದೆ ಬೀಳುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನು ಇಳಿಯುವುದರಿಂದ ಇದು ಬೇಗ ಆಗುತ್ತದೆ. ಗಂಡಸರಿಗೂ ಆಗುತ್ತದೆ, ಸ್ವಲ್ಪ ತಡವಾಗಿ. ಇದೇ ಆಸ್ಟಿಯೊಪೊರೋಸಿಸ್.

ಮಂಡಿ ಸವೆತವೇ ಬೇರೆ, ಇದೇ ಬೇರೆ. ಮಂಡಿ ಸವೆದರೆ ನೋವು ಬರುತ್ತದೆ. ಮೂಳೆ ಟೊಳ್ಳಾದರೆ ಅದು ಮುರಿಯುವವರೆಗೂ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಬಚ್ಚಲಲ್ಲಿ ಸಣ್ಣಗೆ ಜಾರಿದ್ದಕ್ಕೇ ಸೊಂಟದ ಕೀಲಿನ ಮೂಳೆ ಮುರಿಯುವುದು ಹೀಗೆ. ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಈ ಕಾಯಿಲೆ ಇದೆ ಎಂದು ಅರ್ಥ. 65 ವರ್ಷ ದಾಟಿದ ಹೆಂಗಸರೆಲ್ಲರೂ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಒಸಡಿನ ಕಾಯಿಲೆ ಹೇಗೆ ಶುರುವಾಗುತ್ತದೆ?

ಹಲ್ಲಿನ ಬುಡದಲ್ಲಿ ಅಂಟಂಟಾದ ಕೊಳೆ ಕೂಡುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ತೆಗೆಯದೆ ಬಿಟ್ಟರೆ ಅದೇ ಗಟ್ಟಿಯಾಗಿ ಪಾಚಿಯಂತೆ ಕಟ್ಟಿಕೊಳ್ಳುತ್ತದೆ. ಒಸಡು ಕೆಂಪಾಗಿ ಊದಿ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಸ್ವಚ್ಛ ಮಾಡಿಸಿದರೆ ಒಸಡು ಮೊದಲಿನಂತಾಗುತ್ತದೆ. ಹಾಗೆಯೇ ಬಿಟ್ಟರೆ ಉರಿಯೂತ ಕೆಳಗಿಳಿದು, ಹಲ್ಲನ್ನು ಹಿಡಿದಿರುವ ದವಡೆಯ ಮೂಳೆಯೇ ಕರಗತೊಡಗುತ್ತದೆ. ಆಗ ಹಲ್ಲು ಅಲ್ಲಾಡುತ್ತದೆ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ಎರಡಕ್ಕೂ ನಂಟು ಎಲ್ಲಿ?

ದವಡೆಯೂ ಮೂಳೆಯೇ. ಸೊಂಟ, ಬೆನ್ನಿನ ಮೂಳೆಗಳು ತೆಳುವಾಗುವ ಕಾಲದಲ್ಲಿ ದವಡೆಯೂ ತೆಳುವಾಗಬಹುದು. ಒಸಡಿನ ಕಾಯಿಲೆ ಬರುವುದು ಕೊಳೆಯಿಂದ, ಟೊಳ್ಳು ಮೂಳೆಯಿಂದಲ್ಲ. ಆದರೆ ಮೊದಲೇ ಸಡಿಲವಾದ ಮಣ್ಣು ಮಳೆಗೆ ಬೇಗ ಕೊಚ್ಚಿಹೋಗುವ ಹಾಗೆ, ತೆಳುವಾದ ದವಡೆಯಲ್ಲಿ ಒಸಡಿನ ಕಾಯಿಲೆಯ ಹಾನಿ ಹೆಚ್ಚು. ಆಸ್ಟಿಯೊಪೊರೋಸಿಸ್ ಇರುವ ಹೆಂಗಸರಲ್ಲಿ ಹಲ್ಲು ಬೀಳುವುದು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಹೊಗೆಸೊಪ್ಪು, ಬೀಡಿ, ಸಿಗರೇಟು ಎರಡೂ ಕಾಯಿಲೆಗಳನ್ನು ಹೆಚ್ಚಿಸುತ್ತವೆ. ಹತೋಟಿಯಲ್ಲಿಲ್ಲದ ಶುಗರ್ ಒಸಡನ್ನು ಹಾಳುಮಾಡುತ್ತದೆ. ಒಸಡಿನ ಸೋಂಕು ಶುಗರನ್ನು ಏರಿಸುತ್ತದೆ.

ಇನ್ನೊಂದು ನಂಟು ಊಟದ ತಟ್ಟೆಯಲ್ಲಿದೆ. ಹಲ್ಲು ನೋಯುತ್ತದೆಂದು ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ ಬಿಟ್ಟು ಅನ್ನ ತಿಳಿಸಾರಿಗೆ ಇಳಿಯುತ್ತೀರಿ. ಪ್ರೋಟೀನ್ ಕಡಿಮೆಯಾಗಿ ಮಾಂಸಖಂಡ ಸೊರಗುತ್ತದೆ, ಕಾಲಿನ ಹಿಡಿತ ತಪ್ಪುತ್ತದೆ. ಬಿದ್ದಾಗ ಮುರಿಯುವುದು ಅದೇ ಟೊಳ್ಳು ಮೂಳೆ.

ಮೂಳೆಯ ಔಷಧ ತೆಗೆದುಕೊಳ್ಳುವವರು ಗಮನಿಸಿ

ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೋಲೆಡ್ರೊನಿಕ್ ಆಸಿಡ್ ಡ್ರಿಪ್, ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್: ಇವು ಮೂಳೆ ಕರಗುವುದನ್ನು ತಡೆಯುವ ಒಳ್ಳೆಯ ಔಷಧಗಳು. ಇವನ್ನು ತೆಗೆದುಕೊಳ್ಳುತ್ತಿರುವವರಲ್ಲಿ ಬಹಳ ಅಪರೂಪಕ್ಕೆ, ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಹೊರಗೆ ಕಾಣುವ ತೊಂದರೆ ಬರುತ್ತದೆ. ವೈದ್ಯರು ಇದನ್ನು ಮೊದಲು ವರದಿ ಮಾಡಿದ್ದು 2003ರಲ್ಲಿ. ಕ್ಯಾನ್ಸರ್‌ಗಾಗಿ ಇದೇ ಔಷಧಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆಯುವವರಲ್ಲಿ ಇದು ಹೆಚ್ಚು. ಆಸ್ಟಿಯೊಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ಬಹಳ ಕಡಿಮೆ.

ಈ ಭಯಕ್ಕೆ ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಸೊಂಟ ಮುರಿಯುವ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು. ಅಲೆಂಡ್ರೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ನಾಲ್ಕು ದಿನ ಬಿಟ್ಟರೆ ಪ್ರಯೋಜನವೂ ಇಲ್ಲ. ಮಾಡಬೇಕಾದ್ದು ಇಷ್ಟೆ: ಹಲ್ಲು ಕೀಳಿಸುವ ಅಥವಾ ಇಂಪ್ಲಾಂಟ್ ಹಾಕಿಸುವ ಮುಂಚೆ ಈ ಔಷಧದ ಹೆಸರನ್ನು, ಎಷ್ಟು ವರ್ಷದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ದಂತವೈದ್ಯರಿಗೆ ಹೇಳಿ. ‘ಹಲ್ಲಿನ ಡಾಕ್ಟರಿಗೆ ಮೂಳೆ ಮಾತ್ರೆ ಯಾಕೆ ಹೇಳಬೇಕು’ ಎಂದುಕೊಳ್ಳಬೇಡಿ. ಹಲ್ಲು ಸ್ವಚ್ಛ ಮಾಡಿಸುವುದಕ್ಕೆ, ಹುಳುಕು ತುಂಬಿಸುವುದಕ್ಕೆ ಹೆದರಬೇಕಿಲ್ಲ.

ಆರು ತಿಂಗಳ ಇಂಜೆಕ್ಷನ್: ಪ್ರವಾಸದಲ್ಲಿ ತಪ್ಪಿಸಬೇಡಿ

ಡೆನೊಸುಮಾಬ್ ಮಾತ್ರ ಅಲೆಂಡ್ರೊನೇಟ್‌ನಂತೆ ಮೂಳೆಯಲ್ಲಿ ಉಳಿಯುವುದಿಲ್ಲ. ಅದರ ಪ್ರಭಾವ ಇಳಿದ ಕೂಡಲೇ ಮೂಳೆ ವೇಗವಾಗಿ ಕರಗತೊಡಗುತ್ತದೆ, ಬೆನ್ನುಮೂಳೆಯ ಹಲವು ಮಣಿಗಳು ಕುಸಿಯಬಹುದು. ಹಿಂದಿನ ಇಂಜೆಕ್ಷನ್ ಆಗಿ ಏಳು ತಿಂಗಳು ಮೀರಬಾರದು. ನೀವು ಅಮೆರಿಕದಲ್ಲಿ ಉಳಿಯುವುದೂ ಹೆಚ್ಚುಕಡಿಮೆ ಆರು ತಿಂಗಳೇ ಆದ್ದರಿಂದ ಇಂಜೆಕ್ಷನ್ ದಿನಾಂಕ ಇಲ್ಲಿರುವಾಗಲೇ ಬರಬಹುದು. ‘ಊರಿಗೆ ಹೋದ ಮೇಲೆ ನೋಡೋಣ’ ಎನ್ನಬೇಡಿ. ಇವತ್ತೇ ಹಳೆಯ ಚೀಟಿ ತೆಗೆದು ದಿನಾಂಕ ನೋಡಿ, ಮಗ ಅಥವಾ ಮಗಳಿಗೆ ಹೇಳಿ.

ಮನೆಯಲ್ಲಿ ಪಾಲಿಸಬೇಕಾದ್ದು

• ದಿನಕ್ಕೆರಡು ಬಾರಿ ಮೆದು ಬ್ರಷ್, ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜಿ. ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ಬೇಡ. ರಕ್ತ ಬರುತ್ತದೆಂದು ಆ ಜಾಗ ಬಿಡಬೇಡಿ. ಮೆಲ್ಲಗೆ ಉಜ್ಜಿ, ದಂತವೈದ್ಯರಿಗೆ ತೋರಿಸಿ.

• ಕಟ್ಟಿಸಿದ ಹಲ್ಲಿನ ಸೆಟ್ ಅನ್ನು ರಾತ್ರಿ ತೆಗೆದು, ತೊಳೆದು ನೀರಿನಲ್ಲಿಡಿ. ಸಡಿಲವಾಗಿ ಹುಣ್ಣು ಮಾಡುತ್ತಿದ್ದರೆ ಸರಿಪಡಿಸಿಕೊಳ್ಳಿ.

• 50 ದಾಟಿದ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಗಂಡಸರಿಗೆ 70ರವರೆಗೆ 1000, ಆಮೇಲೆ 1200. ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪು ದಿನವೂ ಇರಲಿ. ಅಗಿಯಲು ಕಷ್ಟವಾದರೆ ರಾಗಿ ಗಂಜಿ, ಮುದ್ದೆ, ಮೆತ್ತಗೆ ಬೇಯಿಸಿದ ಬೇಳೆ, ಪನ್ನೀರ್ ತಿನ್ನಿ.

• ವಿಟಮಿನ್ ಡಿ ಕಡಿಮೆ ಇದೆಯೇ ಎಂದು ವೈದ್ಯರನ್ನು ಕೇಳಿ. ಚಳಿಗಾಲದಲ್ಲಿ ಬಿಸಿಲು ಸಾಲದು. ಹೊರಗೆ ಹಿಮವಿದ್ದರೆ ಮನೆಯೊಳಗೇ ಅಥವಾ ಮಾಲ್‌ನಲ್ಲಿ ನಡೆಯಿರಿ.

• ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ. ಅರ್ಧ ಗಂಟೆ ಮಲಗಬೇಡಿ, ಕಾಫಿಯೂ ಬೇಡ. ನಮಸ್ಕಾರಕ್ಕೆ ಬಗ್ಗುವುದೂ ಆಮೇಲೆಯೇ.

• ಹಲ್ಲು ಕಿತ್ತ ಗಾಯ ಮಾಯದಿದ್ದರೆ, ಕೀವು ಬಂದರೆ, ಕೆಳತುಟಿ ಮರಗಟ್ಟಿದರೆ ತಡಮಾಡದೆ ತೋರಿಸಿ.

ಖರ್ಚಿನ ಮಾತು

ಪ್ರವಾಸಿಗಳ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆಗೆ ಹೆಚ್ಚೇನೂ ಸಿಗುವುದಿಲ್ಲ. ಆದ್ದರಿಂದ ಮುಂದಿನ ಸಲ ಹೊರಡುವ ಎರಡು ತಿಂಗಳು ಮುಂಚೆಯೇ ಊರಿನಲ್ಲಿ ಹಲ್ಲು ತೋರಿಸಿ, ಕೀಳಿಸಬೇಕಾದ್ದನ್ನು ಕೀಳಿಸಿಕೊಂಡು ಬನ್ನಿ. ಇಲ್ಲಿಯೇ ತೊಂದರೆಯಾದರೆ ದಂತವೈದ್ಯಕೀಯ ಕಾಲೇಜುಗಳ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಮಕ್ಕಳಿಗೆ ಯಾಕೆ ಹೊರೆ ಎಂದು ನೋವು ನುಂಗಿಕೊಂಡು ಕೂರಬೇಡಿ. ಬೇಗ ಹೇಳಿದರೆ ಸ್ವಚ್ಛ ಮಾಡಿಸುವುದರಲ್ಲೇ ಮುಗಿಯುವ ಕೆಲಸ, ತಡವಾದರೆ ಹಲ್ಲು ಕೀಳುವವರೆಗೂ ಹೋಗುತ್ತದೆ.

ಇಂದಿನ ಶಿಬಿರದಲ್ಲಿ ನಮ್ಮ ಮೇಜಿನ ಬಳಿ ಬರುವಾಗ ಮಾತ್ರೆಗಳ ಚೀಟಿ, ಹಳೆಯ ಡೆಕ್ಸಾ ವರದಿ ಇದ್ದರೆ ತನ್ನಿ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಈ ಬರಹ ತಿಳಿವಳಿಕೆಗಾಗಿ ಮಾತ್ರ. ಔಷಧ ಬದಲಿಸುವ ಮುಂಚೆ ನಿಮ್ಮನ್ನು ನೋಡುತ್ತಿರುವ ವೈದ್ಯರ ಸಲಹೆ ಪಡೆಯಿರಿ.