ಮೇಜಿನ ಸುತ್ತಣ ಆಟದಲ್ಲಿ ಒಗಟು

ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಸಾಹಸಕಥೆಯನ್ನು ಕಟ್ಟುವ ಆಟವೊಂದುಂಟು. ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ರಚಿಸಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ದಾರಿ ತೋರಿತು. ಸೂತ್ರಧಾರನು ಸನ್ನಿವೇಶವನ್ನು ಬಣ್ಣಿಸುತ್ತಾನೆ. ಆಟಗಾರರು ತಮ್ಮ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಫಲವು ಸಂದಿಗ್ಧವಾದೆಡೆ ದಾಳವು ತೀರ್ಪು ಕೊಡುತ್ತದೆ.

ಇಂಥ ಆಟದಲ್ಲಿ ಒಗಟಿಗೆ ಮೊದಲಿನಿಂದಲೂ ಸ್ಥಾನವುಂಟು. ಗೈಗ್ಯಾಕ್ಸನು ೧೯೭೫ರ ಸ್ಪರ್ಧೆಯೊಂದಕ್ಕೆ ಬರೆದು, ೧೯೭೮ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಾಹಸದಲ್ಲಿ, ಗೋರಿಯ ಪ್ರವೇಶದ ಹಾದಿಯಲ್ಲಿಯೇ ಒಗಟಿನ ಪದ್ಯವೊಂದು ಎದುರಾಗುತ್ತದೆ.

ಆದರೆ ಒಗಟು ಯಾರನ್ನು ಪರೀಕ್ಷಿಸುತ್ತದೆ? ಮಲ್ಲನ ಪಾತ್ರಧಾರಿ ತಾನೇ ಗದೆ ಎತ್ತಬೇಕಾಗಿಲ್ಲ. ದಾಳ ಉರುಳಿಸಿದರೆ ಸಾಕು. ಪಂಡಿತನ ಪಾತ್ರಧಾರಿಯಾದರೋ ಉತ್ತರವನ್ನು ಸ್ವಂತ ತಲೆಯಿಂದಲೇ ತೆಗೆಯಬೇಕು. ಆದುದರಿಂದ ಅನುಭವಿ ಸೂತ್ರಧಾರರು ದಾಳ ಬಿದ್ದಾಗ ಉತ್ತರವನ್ನು ಕೊಡದೆ ಒಂದು ಸುಳಿವನ್ನು ಕೊಡುತ್ತಾರೆ. ಪಾತ್ರದ ಪಾಂಡಿತ್ಯಕ್ಕೂ ಬೆಲೆ ಬಂತು, ಆಟಗಾರನ ಯೋಚನೆಗೂ ಎಡೆ ಉಳಿಯಿತು.

ಎರಡನೆಯ ತೊಡಕು, ಒಂದೇ ಬಾಗಿಲು ಒಂದೇ ಬೀಗದಕೈ ಎಂಬುದು. ಉತ್ತರ ಹೊಳೆಯದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಆಟಗಾರರು ತಿಳಿಯಬೇಕಾದ ಪ್ರತಿಯೊಂದು ವಿಷಯಕ್ಕೂ ಕನಿಷ್ಠ ೩ ಸುಳಿವುಗಳಿರಲಿ ಎಂದು ಜಸ್ಟಿನ್ ಅಲೆಕ್ಸಾಂಡರ್ ಎಂಬ ಲೇಖಕರು ೨೦೦೮ರಲ್ಲಿ ಸೂಚಿಸಿದರು. ಬಾಗಿಲಿನ ಒಗಟಿಗೆ ‘ನೆರಳು’ ಉತ್ತರವೆನ್ನೋಣ. ಹಿಂದಿನ ಕೋಣೆಯ ಗೋಡೆಯಲ್ಲಿ ನೆರಳಿಲ್ಲದ ಮನುಷ್ಯನ ಚಿತ್ರ, ಕಾವಲುಗಾರನ ಬಾಯಲ್ಲಿ ದೀಪದ ಮಾತು, ಹೊಸ್ತಿಲಲ್ಲಿ ಆರಿದ ಹಣತೆ, ಇಷ್ಟಿದ್ದರೆ ಒಂದಲ್ಲ ಒಂದು ಕಣ್ಣಿಗೆ ಬಿದ್ದೀತು. ಯಾವುದೂ ಹೊಳೆಯದಿದ್ದರೆ ಬಾಗಿಲನ್ನು ಒಡೆಯಲೂ ಬಿಡಬೇಕು. ಆ ಸದ್ದಿಗೆ ಒಳಗಿನ ರಕ್ಕಸ ಎಚ್ಚರಗೊಳ್ಳಲಿ! ಸೋಲಿಗೆ ದಂಡವಿರಲಿ, ಕಥೆ ಮಾತ್ರ ಮುಂದೆ ಸಾಗಲಿ.

ಮೂರನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ಗ್ರೀಕ್ ಪುರಾಣವನ್ನೋ ಚದುರಂಗವನ್ನೋ ಬಲ್ಲವನಿಗೆ ಮಾತ್ರ ಬಿಡಿಸಲಾಗುವ ಒಗಟು, ಮನೆಯಲ್ಲಿ ಪುಸ್ತಕವಿಲ್ಲದೆ ಬೆಳೆದವನನ್ನು ಮೇಜಿನಿಂದ ಎಬ್ಬಿಸಿದಂತೆಯೇ ಸರಿ. ನಮ್ಮ ಹಳ್ಳಿಯ ಅಜ್ಜಿಯರು ಒಡ್ಡುವ ಒಗಟುಗಳನ್ನು ನೋಡಿ: ಉತ್ತರವು ಒಲೆ, ಒನಕೆ, ತೆಂಗಿನಕಾಯಿ, ಕೇಳುವ ಮಗುವೂ ನಿತ್ಯ ಕಂಡದ್ದು. ಆಟದ ಒಗಟಿಗೂ ಬೇಕಾದುದೆಲ್ಲವೂ ಆಟದೊಳಗೇ, ಎಲ್ಲರ ಕಿವಿಗೂ ಬಿದ್ದಿರಬೇಕು. ಮೇಜಿನ ತುದಿಯಲ್ಲಿ ಮಾತಿಲ್ಲದೆ ಕುಳಿತವನಿಗೂ ಈ ಉತ್ತರ ಎಟುಕೀತೆ ಎಂದು ಸೂತ್ರಧಾರನು ಒಗಟನ್ನು ಒಡ್ಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.